ಡೊಂಬಿವಲಿಯ ಮಳೆ, ಹಳೆ ಕಾರಿನ ಸ್ಪೀಕರ್

15 ವರ್ಷದ ಕಾರು. ಮುಂಬೈ ಬಳಿಯ ಡೊಂಬಿವಲಿಯ ಮಳೆಗಾಲ ಕಂಡೂ ಕಂಡೂ ಬಾಗಿಲಿನ ಸ್ಪೀಕರ್ ಗರಗರ ಅನ್ನತೊಡಗಿತ್ತು. ಬಿಚ್ಚಿ ನೋಡಿದರೆ ಕೋನ್ (ಅದುರಿ ಸದ್ದು ಹೊಮ್ಮಿಸುವ ಭಾಗ) ಸುತ್ತಲಿನ ಫೋಮ್ ಪುಡಿಪುಡಿ.

ಅಂಗಡಿಯವನು '300 ವ್ಯಾಟ್' ಡಬ್ಬಿ ಮುಂದಿಟ್ಟ. ಅದು ಪೀಕ್ ಲೆಕ್ಕ, ಅಂದರೆ ಕ್ಷಣಮಾತ್ರ ತಡೆಯುವ ಪವರ್; ಸುಮ್ನೆ ಬಣ್ಣದ ಮಾತು. ನನ್ನ ಹಳೆ ಸ್ಟೀರಿಯೊ ಕೊಡುವುದೇ ಚಾನೆಲ್‌ಗೆ 15-20 ವ್ಯಾಟ್ ಆರ್‌ಎಂಎಸ್, ಅಂದರೆ ಸತತವಾಗಿ ಕೊಡುವ ಪವರ್. ಬೇರೆ ಆಂಪ್ಲಿಫೈಯರ್ ಇಲ್ಲದವರು ಸೆನ್ಸಿಟಿವಿಟಿ, ಅಂದರೆ ಕೊಟ್ಟ ಪವರ್‌ಗೆ ಸ್ಪೀಕರ್ ಎಷ್ಟು ಸದ್ದು ಮಾಡುತ್ತದೆ ಅನ್ನುವುದನ್ನು ನೋಡಬೇಕು. 3 ಡೆಸಿಬೆಲ್ ಜಾಸ್ತಿ ಇದ್ದರೆ ಅರ್ಧ ಪವರ್‌ನಲ್ಲೇ ಅಷ್ಟೇ ಸದ್ದು ಬರುತ್ತದೆ. 92 ಡೆಸಿಬೆಲ್ ಸೆನ್ಸಿಟಿವಿಟಿ, 4 ಓಮ್ (ವಿದ್ಯುತ್ ತಡೆ) ಇರುವ ಜೋಡಿ ತಂದೆ.

ಮನೆಯಲ್ಲಿ ಕೂರಿಸಿದರೆ, ಇಳಿಸಿದ ಗಾಜಿಗೆ ಮ್ಯಾಗ್ನೆಟ್ ತಾಗಿತು. ಅಗಲ ಅಳೆದಿದ್ದೆ, ಆಳ ಮರೆತಿದ್ದೆ! ಮರುದಿನ ಹೋಗಿ ತೆಳು ಮಾಡೆಲ್‌ಗೆ ಬದಲಿಸಿಕೊಂಡೆ.

ಆದರೂ ಬೇಸ್ (ತಗ್ಗು ಸ್ವರದ ಗುಮ್ಮೆನ್ನುವ ಸದ್ದು) ಇಲ್ಲ. ಸ್ಟೀರಿಯೊದಿಂದ ವೈರ್ ಕಳಚಿ, ಆ ತುದಿಗೆ 1.5 ವೋಲ್ಟ್ ಸೆಲ್ ಕ್ಷಣಹೊತ್ತು ತಾಗಿಸಿದೆ. ಎಡಗಡೆ ಕೋನ್ ಹೊರಗೆ ಚಿಮ್ಮಿತು, ಬಲಗಡೆಯದು ಒಳಕ್ಕೆ. ಒಂದರ ಪ್ಲಸ್-ಮೈನಸ್ ಉಲ್ಟಾ ಆಗಿ, ಎರಡರ ಬೇಸ್ ಒಂದನ್ನೊಂದು ಅಳಿಸುತ್ತಿತ್ತು, ಅಷ್ಟೇ. ತಿರುಗಿಸಿ ಕೊಟ್ಟೆ, ತಬಲಾ ಗುಮ್ಮೆಂದಿತು.