ಕಮಲಾಪುರದ ಮೃಗಾಲಯ, ದರೋಜಿಯ ಗುಡ್ಡ: ಮಕ್ಕಳಿಗೆ ಪ್ರಾಣಿಗಳನ್ನು ತೋರಿಸುವ ಬಗೆ

ಬಳ್ಳಾರಿ, ಕೊಪ್ಪಳ ಮತ್ತು ರಾಯಚೂರು ಭಾಗದ ಶಾಲೆಗಳು ಹಂಪಿಗೆ ಪ್ರವಾಸ ಹೊರಟರೆ ಪಕ್ಕದ ಕಮಲಾಪುರದಲ್ಲಿರುವ ಅಟಲ್ ಬಿಹಾರಿ ವಾಜಪೇಯಿ ಪ್ರಾಣಿಸಂಗ್ರಹಾಲಯವನ್ನೂ ನೋಡಿ ಬರುವುದು ಈಗ ರೂಢಿಯಾಗಿದೆ. ಆದರೆ ಬಹುತೇಕ ಮಕ್ಕಳು ಎಲ್ಲ ಆವರಣಗಳ ಮುಂದೆಯೂ ಓಡುತ್ತ ಹೋಗಿ, ಹುಲಿ ಕಂಡಿತು, ಕರಡಿ ಕಂಡಿತು ಎಂದು ಲೆಕ್ಕ ಒಪ್ಪಿಸುತ್ತಾರೆಯೇ ಹೊರತು, ಹುಲಿಯ ಕಿವಿಯ ಹಿಂಬದಿ ಹೇಗಿತ್ತು ಎಂದು ಕೇಳಿದರೆ ಅವರಲ್ಲಿ ಉತ್ತರವಿರುವುದಿಲ್ಲ. ಪ್ರಾಣಿಗಳ ಬಗೆಗಿನ ಸ್ವಾರಸ್ಯದ ಸಂಗತಿಗಳು ಪುಸ್ತಕಗಳಲ್ಲಿಯೂ ಮೊಬೈಲಿನಲ್ಲಿಯೂ ಬೇಕಾದಷ್ಟು ಸಿಗುತ್ತವೆ. ಅವುಗಳಲ್ಲಿ ಮಗು ಅಲ್ಲಿಯೇ ನಿಂತು ತನ್ನ ಕಣ್ಣಿನಿಂದ ಪರೀಕ್ಷಿಸಬಹುದಾದವನ್ನು ಮಾತ್ರ ಆರಿಸಿಕೊಳ್ಳಬೇಕು, ಆರಿಸಿಕೊಂಡದ್ದನ್ನು ಉತ್ತರವಾಗಿ ಹೇಳಿಬಿಡದೆ ಪ್ರಶ್ನೆಯಾಗಿ ಕೇಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೊರಡುವ ಹಿಂದಿನ ದಿನವೇ ಮಕ್ಕಳೊಂದಿಗೆ ಕುಳಿತು ಮೂರು ಅಥವಾ ನಾಲ್ಕು ಪ್ರಾಣಿಗಳನ್ನು ಮಾತ್ರ ಆರಿಸಿರಿ. ಉಳಿದವನ್ನು ದಾರಿಯಲ್ಲಿ ಕಂಡಷ್ಟು ಕಂಡರೆ ಸಾಕು. ಒಂದೊಂದು ಪ್ರಾಣಿಯ ಮುಂದೆಯೂ ಕನಿಷ್ಠ ಕಾಲು ಗಂಟೆ ನಿಲ್ಲುವುದಾಗಿ ಮೊದಲೇ ಮಾತಾಗಿರಲಿ. ನಮ್ಮ ಭಾಗದ ಬಿಸಿಲಿನಲ್ಲಿ ಪ್ರಾಣಿಗಳೂ ಮಧ್ಯಾಹ್ನ ನೆರಳು ಹಿಡಿದು ಮಲಗುತ್ತವೆ. ಆದ್ದರಿಂದ ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ತಿಂಗಳುಗಳು, ಅದರಲ್ಲಿಯೂ ಬಾಗಿಲು ತೆರೆದ ಕೂಡಲೇ ಒಳಗೆ ಹೋಗುವ ಬೆಳಗಿನ ಹೊತ್ತು, ಎಲ್ಲ ರೀತಿಯಿಂದಲೂ ಅನುಕೂಲಕರ. ವಾರದ ರಜೆ ಯಾವ ದಿನ ಎಂಬುದನ್ನು ವಿಚಾರಿಸಿಕೊಂಡೇ ವಾಹನ ಗೊತ್ತುಮಾಡಿರಿ. ನೀರು, ಟೋಪಿ, ಪೆನ್ಸಿಲ್, ಬಿಳಿಹಾಳೆ ಇವಿಷ್ಟು ಅಗತ್ಯ. ದುರ್ಬೀನು ಒಂದಿದ್ದರೆ ಬಹಳ ಒಳ್ಳೆಯದು.

ಹುಲಿಯ ಮುಂದೆ ನಿಂತಾಗ ಅದರ ತೂಕ, ಓಟದ ವೇಗಗಳನ್ನು ಬಾಯಿಪಾಠ ಮಾಡಿಸುವ ಬದಲು, ಅದರ ಎಡ ಮತ್ತು ಬಲ ಮಗ್ಗುಲಿನ ಪಟ್ಟೆಗಳು ಒಂದೇ ರೀತಿ ಇವೆಯೇ ಎಂದು ಕೇಳಿರಿ. ಒಂದೇ ರೀತಿ ಇರುವುದಿಲ್ಲ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಹೋಲುವುದೂ ಇಲ್ಲ. ಕಾಡಿನಲ್ಲಿ ಇರಿಸಿದ ಕ್ಯಾಮೆರಾಗಳ ಚಿತ್ರಗಳಿಂದ ಹುಲಿಗಳನ್ನು ಒಂದೊಂದಾಗಿ ಗುರುತಿಸಿ ಎಣಿಸಲು ಸಾಧ್ಯವಾಗಿರುವುದು ಇದರಿಂದಲೇ. ಮಕ್ಕಳು ಕೆನ್ನೆಯ ಪಟ್ಟೆಗಳನ್ನಷ್ಟೇ ಹಾಳೆಯ ಮೇಲೆ ಬರೆದುಕೊಂಡರೆ, ಅದೇ ಆವರಣದ ಎರಡನೆಯ ಹುಲಿಯನ್ನು ಬೇರೆಯಾಗಿ ಗುರುತಿಸಲು ತಾವೇ ಕಲಿಯುತ್ತಾರೆ. ಅದು ತಲೆ ತಿರುಗಿಸಿದಾಗ ಕಪ್ಪು ಕಿವಿಯ ಹಿಂದಿನ ಬಿಳಿಯ ಮಚ್ಚೆಯನ್ನು ತೋರಿಸಿರಿ. ಮನೆಗೆ ಬಂದ ಮೇಲೆ ಬೆಕ್ಕಿನ ಕಣ್ಣನ್ನು ಬೆಳಕಿನಲ್ಲಿ ನೋಡಲು ಹೇಳಿರಿ: ಬೆಕ್ಕಿನ ಕಣ್ಣಪಾಪೆ ಸೀಳಿನಂತೆ ಕಿರಿದಾಗುತ್ತದೆ, ಹುಲಿಯ ಪಾಪೆಯಾದರೋ ಗುಂಡಾಗಿಯೇ ಉಳಿಯುತ್ತದೆ.

ಚುಕ್ಕೆ ಜಿಂಕೆ ಮತ್ತು ಕೃಷ್ಣಮೃಗಗಳನ್ನು ಒಂದರ ನಂತರ ಒಂದರಂತೆ ತೋರಿಸಬೇಕು, ಏಕೆಂದರೆ ಇವೆರಡರ ಕೊಂಬುಗಳ ಸ್ವಭಾವವೇ ಬೇರೆ. ಚುಕ್ಕೆ ಜಿಂಕೆಯ ಗಂಡಿನ ಕೊಂಬು ಕವಲೊಡೆದಿರುತ್ತದೆ, ವರ್ಷಕ್ಕೊಮ್ಮೆ ಬಿದ್ದುಹೋಗಿ ಮತ್ತೆ ಬೆಳೆಯುತ್ತದೆ. ಹೊಸದಾಗಿ ಬೆಳೆಯುತ್ತಿರುವಾಗ ಅದರ ಮೇಲೆ ರಕ್ತನಾಳಗಳಿರುವ ಮೃದುವಾದ, ಮಖಮಲ್ಲಿನಂತಹ ಚರ್ಮ ಹೊದ್ದಿರುತ್ತದೆ. ಕೃಷ್ಣಮೃಗದ ಕೊಂಬು ಕವಲೊಡೆಯುವುದಿಲ್ಲ, ಬೀಳುವುದೂ ಇಲ್ಲ. ತಿರುಪು ತಿರುಪಾಗಿ ಜೀವನಪೂರ್ತಿ ಉಳಿಯುತ್ತದೆ. ಎಷ್ಟು ತಿರುವುಗಳಿವೆ ಎಂದು ಮಕ್ಕಳು ಎಣಿಸಲಿ. ಗಂಡು ಮರಿಯೂ ಹುಟ್ಟುವಾಗ ತಾಯಿಯಂತೆ ಕಂದು ಬಣ್ಣದ್ದೇ ಆಗಿದ್ದು, ಬೆಳೆಯುತ್ತ ಬಂದಂತೆ ಕಪ್ಪಾಗುವುದರಿಂದ ಒಂದೇ ಹಿಂಡಿನಲ್ಲಿ ನಾನಾ ಛಾಯೆಯ ಗಂಡುಗಳು ಕಾಣಸಿಗುತ್ತವೆ. ಯಲಬುರ್ಗಾ, ಕುಕನೂರು ಕಡೆಯ ಮಕ್ಕಳಿಗೆ ಈ ಪ್ರಾಣಿ ಹೊಸದೇನಲ್ಲ. ಎರೆಹೊಲಗಳಲ್ಲಿ ಹಿಂಡುಹಿಂಡಾಗಿ ಬರುವ ಚಿಗರಿ ಇದೇ. ಅದು ಬೆಳೆ ತಿಂದು ಮಾಡುವ ನಷ್ಟವೂ ಅವರಿಗೆ ಗೊತ್ತು, ಆ ಮಾತನ್ನು ಅವರು ಎತ್ತಿದರೆ ತಡೆಯಬಾರದು.

ಇನ್ನು ಕರಡಿ. ಇದಕ್ಕೆ ಒಂದು ಸಂಜೆಯನ್ನು ಪೂರ್ತಿಯಾಗಿ ಮೀಸಲಿಡಬೇಕೆಂದು ನನ್ನ ಆಗ್ರಹ, ಏಕೆಂದರೆ ಬೇರೆ ಊರಿನವರು ರೈಲು ಹತ್ತಿ ಬಂದು ನೋಡುವ ಪ್ರಾಣಿ ನಮ್ಮ ಗುಡ್ಡಗಳಲ್ಲಿಯೇ ಇದೆ. ದರೋಜಿ ಕರಡಿಧಾಮ ಸ್ಥಾಪನೆಯಾದದ್ದು 1994ರಲ್ಲಿ, ಅದು ಅವಿಭಜಿತ ಬಳ್ಳಾರಿ ಜಿಲ್ಲೆಯ ಕಾಲ. ಹಗಲೆಲ್ಲ ಬಂಡೆಗಳ ಸಂದಿಯಲ್ಲಿ, ಗವಿಗಳಲ್ಲಿ ಮಲಗಿರುವ ಕರಡಿಗಳು ಬಿಸಿಲು ಇಳಿದ ಮೇಲೆ ಹೊರಬರುತ್ತವೆ. ಅರಣ್ಯ ಇಲಾಖೆಯ ಸಿಬ್ಬಂದಿ ಕರಡಿಕಲ್ಲು ಗುಡ್ಡದ ಬಂಡೆಗಳ ಮೇಲೆ ಬೆಲ್ಲ ಬೆರೆಸಿದ ತಿನಿಸನ್ನು ಬಳಿದು ಹೋಗುತ್ತಾರೆ. ಎದುರಿನ ವೀಕ್ಷಣಾ ಗೋಪುರದಲ್ಲಿ ಕುಳಿತು ನಾವು ಕಾಯಬೇಕು. ಅಂತರ ಸಾಕಷ್ಟು ಇರುವುದರಿಂದ ದುರ್ಬೀನು ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿಯೇ. ಕಾಯುವಾಗ ನವಿಲು, ಮುಂಗುಸಿ, ಕಾಡುಹಂದಿ ಯಾವುದಾದರೂ ಬರಬಹುದು.

ಕರಡಿ ಬಂದಾಗ ಮೊದಲು ಅದರ ಮೂತಿಯನ್ನು ನೋಡಲು ಹೇಳಿರಿ. ಮೈಯೆಲ್ಲ ಕಪ್ಪು ಜೂಲು, ಮೂತಿ ಮಾತ್ರ ಬೂದುಬಣ್ಣ ಮತ್ತು ವಿರಳ ಕೂದಲು. ಅದು ಬಂಡೆಗೆ ಬಾಯಿ ಹಚ್ಚಿದಾಗ ಕೆಳತುಟಿ ಎಷ್ಟು ಮುಂದಕ್ಕೆ ಚಾಚುತ್ತದೆ ಎಂಬುದನ್ನು ಗಮನಿಸಿದರೆ ಈ ಪ್ರಾಣಿಯ ಬದುಕೇ ಅರ್ಥವಾಗತೊಡಗುತ್ತದೆ. ಈ ಜಾತಿಯ ಕರಡಿಗೆ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಇರುವುದಿಲ್ಲ. ಮುಂಗಾಲಿನ ಉದ್ದನೆಯ ಬಾಗಿದ ಉಗುರುಗಳಿಂದ ಹುತ್ತವನ್ನು ಕೆದರಿ, ಉಫ್ ಎಂದು ಊದಿ ಮಣ್ಣು ಹಾರಿಸಿ, ಆಮೇಲೆ ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು ಹಲ್ಲಿನ ಆ ಸಂದಿಯಿಂದ ಗೆದ್ದಲುಗಳನ್ನು ಜೋರಾಗಿ ಹೀರಿಕೊಳ್ಳುತ್ತದೆ. ಆ ಸದ್ದು ನೂರು ಮೀಟರಿಗೂ ಹೆಚ್ಚು ದೂರ ಕೇಳಿಸುತ್ತದೆ. ಹೊಳ್ಳೆ ಮುಚ್ಚದಿದ್ದರೆ ಮಣ್ಣೂ ಗೆದ್ದಲೂ ಮೂಗಿನೊಳಗೆ ಹೋಗುತ್ತಿದ್ದವು. ಮಕ್ಕಳಿಗೆ ಇದನ್ನು ಮೊದಲೇ ಹೇಳಿಬಿಡಬೇಡಿರಿ. ಮುಂದಿನ ಹಲ್ಲು ಇಲ್ಲದಿದ್ದರೆ ಯಾವ ಅನುಕೂಲ ಎಂದು ಕೇಳಿ ಬಿಡಿರಿ. ಹಾಲುಹಲ್ಲು ಬಿದ್ದ ಎರಡನೆಯ ತರಗತಿಯ ಮಕ್ಕಳೇ ಇದಕ್ಕೆ ಬೇಗ ಉತ್ತರ ಕಂಡುಕೊಳ್ಳುತ್ತಾರೆ. ಗೆದ್ದಲಿನ ಜೊತೆಗೆ ಇರುವೆ, ಜೇನು, ಬಾರಿಹಣ್ಣು, ಕವಳೆಹಣ್ಣು ಇವೆಲ್ಲವೂ ಅದರ ಆಹಾರ. ಹಣ್ಣು ತಿಂದು ಬೀಜವನ್ನು ಹಿಕ್ಕೆಯಲ್ಲಿ ದೂರದೂರ ಹರಡುವುದರಿಂದ ಈ ಕುರುಚಲು ಕಾಡು ಚಿಗುರುವುದರಲ್ಲಿ ಕರಡಿಯ ಪಾಲೂ ಇದೆ.

ತಾಯಿಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ಬಂದರೆ ಅದು ಬಂದವರ ಭಾಗ್ಯ. ಮರಿಗಳು ಜೂಲನ್ನು ಬಿಗಿಯಾಗಿ ಹಿಡಿದು, ತಾಯಿ ಬಂಡೆ ಇಳಿಯುವಾಗಲೂ ಜಾರದೆ ಕುಳಿತಿರುತ್ತವೆ. ಜಗತ್ತಿನ ಎಂಟು ಜಾತಿಯ ಕರಡಿಗಳಲ್ಲಿ ಮರಿಗಳನ್ನು ಹೀಗೆ ತಿಂಗಳುಗಟ್ಟಲೆ ಹೊತ್ತು ತಿರುಗುವುದನ್ನು ರೂಢಿ ಮಾಡಿಕೊಂಡಿರುವುದು ಇದೊಂದೇ. ಊರಲ್ಲಿ ಕರಡಿ ಆಡಿಸುತ್ತಿದ್ದವರನ್ನು ಕಂಡ, ಅಂಜಿಕೆಗೆ ಕರಡಿಕೂದಲಿನ ತಾಯಿತ ಕಟ್ಟಿಸಿಕೊಂಡ ಅಜ್ಜ ಅಜ್ಜಿಯರು ಮನೆಯಲ್ಲಿದ್ದರೆ ಅವರನ್ನೂ ಕರೆದುಕೊಂಡು ಬನ್ನಿರಿ. ಮೂಗು ಚುಚ್ಚಿ ಹಗ್ಗ ಹಾಕಿದ ಕರಡಿಯನ್ನಷ್ಟೇ ಕಂಡವರು, ಅದು ತನ್ನ ಗುಡ್ಡದಲ್ಲಿ ತನ್ನ ಪಾಡಿಗೆ ಓಡಾಡುವುದನ್ನೂ ಒಮ್ಮೆ ನೋಡಲೇಬೇಕು.

ನದಿಯ ಕಡೆ ಹೋಗುವವರು ತುಂಗಭದ್ರೆಯ ನೀರುನಾಯಿಗಳನ್ನು ಮರೆಯಬಾರದು. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ನದಿಪಾತ್ರವು 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶವಾಗಿದೆ. ಪ್ರಾಣಿ ಕಾಣದಿದ್ದರೂ, ಬಂಡೆಯ ಮೇಲೆ ಮೀನಿನ ಹುರುಪೆಗಳಿರುವ ಹಿಕ್ಕೆ ಸಿಕ್ಕರೆ ಅವುಗಳ ಗುಂಪು ಅಲ್ಲಿ ಓಡಾಡಿದೆಯೆಂದು ತಿಳಿಯಬಹುದು. ದಂಡೆಯಲ್ಲಿ ಮೊಸಳೆ ಬಾಯಿ ತೆರೆದು ಮಲಗಿದ್ದರೆ ಅದು ಬೆದರಿಕೆಯಲ್ಲ, ಮೈಯ ಕಾವು ಇಳಿಸಿಕೊಳ್ಳುವ ಕ್ರಮ. ಆದರೂ ಮಕ್ಕಳನ್ನು ನೀರಿನಂಚಿಗೆ ಬಿಡಕೂಡದು.

ಯಾವ ಆವರಣದ ಮುಂದೆಯೂ ಕೂಗಬಾರದು, ಕಲ್ಲೆಸೆಯಬಾರದು, ಶೇಂಗಾ ಅಥವಾ ಬಿಸ್ಕತ್ತು ಎಸೆಯಬಾರದು. ಮಲಗಿರುವ ಪ್ರಾಣಿಯನ್ನು ಎಬ್ಬಿಸುವ ದೊಡ್ಡವರು ಕಂಡರೆ ಮಕ್ಕಳ ಎದುರಿನಲ್ಲಿಯೇ ಅವರನ್ನು ತಡೆಯಿರಿ.

ಕರಡಿಧಾಮದ ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ಇನ್ನೊಂದು ಪಾಠವನ್ನು ಅದೇ ಸಂಜೆ ಹೇಳಬೇಕು, ಏಕೆಂದರೆ ಅವರು ಕರಡಿಯನ್ನು ಗೋಪುರದಿಂದಲ್ಲದೆ ಹೊಲದ ಬದುವಿನಲ್ಲಿಯೂ ಎದುರಿಸಬೇಕಾಗಬಹುದು. ಕರಡಿಯ ಮೂಗು ಬಹಳ ಚುರುಕು, ಕಣ್ಣು ಮತ್ತು ಕಿವಿ ಅಷ್ಟಿಲ್ಲ. ಗೆದ್ದಲು ಹೀರುವುದರಲ್ಲಿ ಮುಳುಗಿದ್ದಾಗ ಮನುಷ್ಯ ತೀರ ಹತ್ತಿರ ಬರುವವರೆಗೂ ಅದಕ್ಕೆ ಅರಿವಾಗುವುದಿಲ್ಲ, ಅರಿವಾದ ಕೂಡಲೇ ಬೆದರಿ ಮೇಲೆ ಬೀಳುತ್ತದೆ. ಹೆಚ್ಚಿನ ದಾಳಿಗಳು ನಡೆಯುವುದು ಹೀಗೆಯೇ. ಆದ್ದರಿಂದ ನಸುಕಿನಲ್ಲಿ ಅಥವಾ ಕತ್ತಲಾದ ಮೇಲೆ ಹೊಲಕ್ಕೆ ಒಬ್ಬರೇ ಹೋಗಕೂಡದು. ಹೋಗಲೇಬೇಕಾದರೆ ಬ್ಯಾಟರಿ ಹಿಡಿದು, ಗಟ್ಟಿಯಾಗಿ ಮಾತನಾಡುತ್ತ ಸಾಗಬೇಕು. ಮರಿಗಳಿರುವ ಕರಡಿ ದೂರದಲ್ಲಿ ಕಂಡರೆ ಫೋಟೋ ತೆಗೆಯಲು ಮುಂದೆ ಹೋಗದೆ, ಓಡದೆ, ಅದು ಹೋಗುವ ದಾರಿಗೆ ಅಡ್ಡವಾಗದಂತೆ ಹಿಂದೆ ಸರಿದು ಊರಿಗೆ ಮರಳಿ, ಅರಣ್ಯ ಇಲಾಖೆಯ ಸಿಬ್ಬಂದಿಗೆ ತಿಳಿಸಬೇಕು.