ಪ್ರವಾಹ ಇಳಿದ ಮೇಲೆ ಹಳೇ ಗುಂಡಿಯ ಆಳ ಮತ್ತೆ ಅಳೆಯಿರಿ

ವರ್ಷಗಟ್ಟಲೆ ಗಾಳ ಹಾಕಿದ ಜಾಗದ ಮೇಲೆ ಮಮಕಾರ ಸಹಜ. ಆದರೆ ನದಿಗೆ ಅದೆಲ್ಲ ಗೊತ್ತಿಲ್ಲ. ಒಂದೇ ಪ್ರವಾಹಕ್ಕೆ ಮರಳು ಸರಿದು ಗುಂಡಿ ಮುಚ್ಚಿಹೋಗಬಹುದು.

ಕೊಕ್ಕೆಗೆ ಸೀಸದ ಗುಂಡು ಸಿಕ್ಕಿಸಿ ನೀರಿಗೆ ಬಿಡಿ. ದಾರಕ್ಕೆ ಸಿಕ್ಕಿಸಿದ, ನೀರಲ್ಲಿ ತೇಲುವ ಬೆಂಡು ಪೂರ್ತಿ ಮುಳುಗಿದರೆ ಅದನ್ನು ಗಾಳದ ಕೋಲಿನ ಕಡೆ ಸರಿಸಿ, ಅಡ್ಡ ಬಿದ್ದರೆ ಕೊಕ್ಕೆಯ ಕಡೆ. ಬೆಂಡಿನ ತುದಿ ಮಾತ್ರ ನೀರ ಮೇಲೆ ಕಂಡಾಗ, ಬೆಂಡಿನಿಂದ ಗುಂಡಿನವರೆಗಿನ ದಾರದ ಉದ್ದವೇ ಆಳ. ಬಹಳ ಮಂದಿ ಎಡವುವುದು ಗುಂಡಿನ ತೂಕದಲ್ಲಿ: ಹಗುರವಾದರೆ ಬೆಂಡೇ ಅದನ್ನು ಎತ್ತಿ ಹಿಡಿದು ಆಳ ಕಡಿಮೆ ತೋರಿಸುತ್ತದೆ. ಸೆಳೆತವಿದ್ದರೆ ದಾರ ಓರೆಯಾಗಿ ಹೆಚ್ಚು ತೋರಿಸುತ್ತದೆ. ಒಂದೊಂದು ಮೀಟರ್ ಬಿಟ್ಟು ಅಳೆಯಿರಿ; ತಳ ತಟ್ಟನೆ ಇಳಿಯುವ ಅಂಚು ಸಿಕ್ಕರೆ ಎರೆಯನ್ನು ಅಲ್ಲೇ ತಳದಿಂದ 5 ಸೆಂ.ಮೀ. ಮೇಲೆ ನಿಲ್ಲಿಸಿ.