ಶುಗರ್ 290 ಇದ್ದಾಗ ಕೀಟೋನ್ 0.1, ಶುಗರ್ 210 ಇದ್ದಾಗ 1.7

ನನಗೆ ಟೈಪ್ 1 ಡಯಾಬಿಟಿಸ್, ಅಂದರೆ ದೇಹದಲ್ಲಿ ಇನ್ಸುಲಿನ್ ಹೆಚ್ಚುಕಡಿಮೆ ಹುಟ್ಟುವುದೇ ಇಲ್ಲ. ಹೈಸ್ಕೂಲಿನಿಂದಲೂ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದೇನೆ. ಕೆಲವು ವರ್ಷಗಳಿಂದ ರಕ್ತದ ಕೀಟೋನ್ (ಕೊಬ್ಬು ಕರಗಿದಾಗ ಹುಟ್ಟುವ, ವಿಪರೀತವಾದರೆ ರಕ್ತವನ್ನು ಆಮ್ಲೀಯವಾಗಿಸಿ ಜೀವಕ್ಕೇ ಅಪಾಯ ತರುವ ವಸ್ತು) ಅಳೆಯುವ ಮೀಟರೂ ಮನೆಯಲ್ಲಿದೆ. ಅದರ ಸ್ಟ್ರಿಪ್ ದುಬಾರಿ, ದಿನಾ ನೋಡಲು ಆಗುವುದಿಲ್ಲ. ನೋಡಿದಾಗೆಲ್ಲ ಶುಗರ್ ಪಕ್ಕದಲ್ಲೇ ಅದನ್ನೂ ಬರೆದಿಡುತ್ತೇನೆ.

ಆ ಪುಸ್ತಕದಲ್ಲಿ ಮೂರು ಸಾಲುಗಳಿವೆ (ಶುಗರ್ mg/dL ಲೆಕ್ಕದಲ್ಲಿ, ಕೀಟೋನ್ mmol/L ಲೆಕ್ಕದಲ್ಲಿ). ಯುಗಾದಿಯಂದು ಹೋಳಿಗೆ ಉಂಡ ಮೇಲೆ ಶುಗರ್ 290, ಕೀಟೋನ್ 0.1. ಏಕಾದಶಿ ಉಪವಾಸದ ಸಂಜೆ ಶುಗರ್ 95, ಕೀಟೋನ್ 0.8. ಜ್ವರ ಬಂದ ಬೆಳಿಗ್ಗೆ ಶುಗರ್ 210, ಕೀಟೋನ್ 1.7. ಸಾಮಾನ್ಯವಾಗಿ ಕೀಟೋನ್ 0.6ರೊಳಗೆ ಇರಬೇಕು. ಶುಗರ್ ಹೆಚ್ಚಾದರೆ ಕೀಟೋನ್ ಹೆಚ್ಚುತ್ತದೆ ಎಂದು ನಂಬಿದವರಿಗೆ ಈ ಲೆಕ್ಕ ಕೂಡಿಬರುವುದಿಲ್ಲ.

ಕೀಟೋನ್ ಹುಟ್ಟುವುದು ಕೊಬ್ಬಿನಿಂದ. ರಕ್ತದಲ್ಲಿ ಇನ್ಸುಲಿನ್ ಇರುವವರೆಗೆ ಕೊಬ್ಬು ತನ್ನ ಕೋಶದಲ್ಲೇ ಉಳಿಯುತ್ತದೆ. ಇನ್ಸುಲಿನ್ ಕುಸಿದರೆ ಕೊಬ್ಬಿನಾಮ್ಲಗಳು ಹೊರಬಂದು ಲಿವರ್ ಸೇರುತ್ತವೆ. ಅಲ್ಲಿ ಇನ್ಸುಲಿನ್ನಿಗೆ ವಿರುದ್ಧವಾಗಿ ಕೆಲಸ ಮಾಡುವ ಗ್ಲುಕಗಾನ್ ಹಾರ್ಮೋನಿನ ಕೈ ಮೇಲಾಗಿದ್ದರೆ ಅವು ಉರಿದು ಕೀಟೋನ್ ಆಗುತ್ತವೆ. ಕೊಬ್ಬು ಕರಗದಂತೆ ತಡೆಯಲು ಬೇಕಾದ ಇನ್ಸುಲಿನ್, ಸ್ನಾಯುಗಳು ಸಕ್ಕರೆ ಹೀರಿಕೊಳ್ಳಲು ಬೇಕಾದದ್ದಕ್ಕಿಂತ ಬಹಳ ಕಡಿಮೆ. ಯುಗಾದಿಯಂದು ನಾನು ತೆಗೆದುಕೊಂಡ ಡೋಸ್ ಹೋಳಿಗೆಗೆ ಸಾಲಲಿಲ್ಲ, ಕೊಬ್ಬನ್ನು ತಡೆಯಲು ಧಾರಾಳವಾಗಿ ಸಾಕಾಯಿತು. ಉಪವಾಸದ 0.8 ಕೂಡ ಹೆದರುವಂಥದ್ದಲ್ಲ. ಊಟ ಬಿಟ್ಟರೆ ಡಯಾಬಿಟಿಸ್ ಇಲ್ಲದವರಲ್ಲೂ ಅಷ್ಟು ಏರುತ್ತದೆ. ರಾತ್ರಿ ಚುಚ್ಚಿಕೊಂಡ ಬೇಸಲ್ (ಊಟಕ್ಕೆಂದಲ್ಲದೆ ದಿನವಿಡೀ ನಿಧಾನವಾಗಿ ಕೆಲಸ ಮಾಡುವ) ಇನ್ಸುಲಿನ್ ಒಳಗಿದ್ದುದರಿಂದ ಅದು ಅಲ್ಲಿಗೇ ನಿಂತಿತು.

ಜ್ವರದ ಕಥೆಯೇ ಬೇರೆ. ಮೈಗೆ ಸೋಂಕು ತಗುಲಿದಾಗ ಕಾರ್ಟಿಸೋಲ್, ಅಡ್ರಿನಾಲಿನ್, ಗ್ಲುಕಗಾನ್, ಗ್ರೋತ್ ಹಾರ್ಮೋನ್ ಎಲ್ಲವೂ ಒಟ್ಟಿಗೆ ಏರಿ ಇನ್ಸುಲಿನ್ನಿಗೆ ಎದುರು ನಿಲ್ಲುತ್ತವೆ. ನಿನ್ನೆ ಸಾಕಾಗಿದ್ದ ಡೋಸ್ ಇವತ್ತು ಸಾಲದು. ಇಂಥ ಹೊತ್ತಿಗೇ ಮನೆಯವರು ಅಕ್ಕರೆಯಿಂದ, 'ಏನೂ ತಿಂದಿಲ್ಲ, ಇನ್ಸುಲಿನ್ ಬೇಡ' ಅನ್ನುತ್ತಾರೆ. ಟೈಪ್ 1 ಇರುವವರಿಗೆ ಇದಕ್ಕಿಂತ ಅಪಾಯದ ಸಲಹೆ ನನಗೆ ಗೊತ್ತಿಲ್ಲ. ಊಟ ಬಿಟ್ಟರೂ ಬೇಸಲ್ ಬಿಡಬಾರದು.

ನನ್ನ ಡಾಕ್ಟರ್ ಜ್ವರದ ದಿನಕ್ಕೆಂದೇ ಒಂದು ಚೀಟಿ ಬರೆದುಕೊಟ್ಟಿದ್ದಾರೆ. ಎರಡೆರಡು ಗಂಟೆಗೊಮ್ಮೆ ಶುಗರ್, ಕೀಟೋನ್ ಎರಡನ್ನೂ ನೋಡಬೇಕು. ಕೀಟೋನ್ 1.5 ದಾಟಿದರೆ ದಿನದ ಒಟ್ಟು ಇನ್ಸುಲಿನ್ನಿನ ಹತ್ತನೇ ಒಂದು ಭಾಗ ಹೆಚ್ಚುವರಿ. ಅದು ನನ್ನ ದೇಹಕ್ಕೆ ಹಾಕಿದ ಲೆಕ್ಕ, ನಿಮ್ಮದನ್ನು ನಿಮ್ಮ ಡಾಕ್ಟರೇ ಹಾಕಬೇಕು. ಆ ದಿನ ಹಾಗೇ ಮಾಡಿದೆ. ಉಪ್ಪು ಹಾಕಿದ ಮಜ್ಜಿಗೆ, ನೀರು ಗುಟುಕು ಗುಟುಕಾಗಿ ಕುಡಿದೆ. ಮಧ್ಯಾಹ್ನ ಶುಗರ್ 130ಕ್ಕೆ ಇಳಿದರೂ ಕೀಟೋನ್ 1.6ರಲ್ಲೇ ಇತ್ತು. ಇಲ್ಲಿ ಇನ್ಸುಲಿನ್ ನಿಲ್ಲಿಸುವಂತಿಲ್ಲ. ಹಾಗಾಗಿ ಬೆಲ್ಲ ಹಾಕಿದ ಗಂಜಿ ಕುಡಿದು, ಅದರ ಬಲದ ಮೇಲೆ ಮತ್ತೆ ಇನ್ಸುಲಿನ್ ತೆಗೆದುಕೊಂಡೆ. ರಾತ್ರಿಯ ಹೊತ್ತಿಗೆ 0.5. ವಾಂತಿ ನಿಲ್ಲದಿದ್ದರೆ ಅಥವಾ ಕೀಟೋನ್ 3 ಮುಟ್ಟಿದರೆ ಮನೆಯಲ್ಲಿ ಕಾಯುವ ಮಾತೇ ಇಲ್ಲ, ನೇರ ಆಸ್ಪತ್ರೆಗೆ.

ಮೂತ್ರದ ಸ್ಟ್ರಿಪ್ ಅಗ್ಗ, ಏನೂ ಇಲ್ಲದಿರುವುದಕ್ಕಿಂತ ಅದು ಮೇಲು. ಆದರೆ ಅದು ಹಿಡಿಯುವುದು ಅಸಿಟೋಅಸಿಟೇಟ್ ಎಂಬ ಒಂದು ಬಗೆಯ ಕೀಟೋನನ್ನು ಮಾತ್ರ. ಕೀಟೋನ್ ಏರಿದಾಗ ರಕ್ತದಲ್ಲಿ ಹೆಚ್ಚಿರುವುದು ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಎಂಬ ಇನ್ನೊಂದು ಬಗೆ. ಇನ್ಸುಲಿನ್ ಕೆಲಸ ಮಾಡತೊಡಗಿದಾಗ ಅದು ಅಸಿಟೋಅಸಿಟೇಟಿಗೆ ತಿರುಗುವುದರಿಂದ, ನಾವು ಚೇತರಿಸಿಕೊಳ್ಳುತ್ತಿರುವಾಗಲೂ ಸ್ಟ್ರಿಪ್ಪಿನ ಬಣ್ಣ ಗಾಢವಾಗಿಯೇ ಕಾಣಬಹುದು.

1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಮ್ಸನ್‌ಗೆ ಮೊದಲ ಸಲ ಇನ್ಸುಲಿನ್ ಕೊಟ್ಟಾಗಲೂ ನನ್ನ ಜ್ವರದ ದಿನದ ಮಧ್ಯಾಹ್ನದಂತೆಯೇ ಆಗಿತ್ತು. 11ರಂದು ಕೊಟ್ಟ, ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಕಚ್ಚಾ ಸಾರದಿಂದ ಶುಗರ್ ಒಂದಿಷ್ಟು ಇಳಿಯಿತು, ಕೀಟೋನ್ ಹೋಗಲಿಲ್ಲ. ಜೀವರಸಾಯನ ವಿಜ್ಞಾನಿ ಕಾಲಿಪ್ ಶುದ್ಧಗೊಳಿಸಿದ ಸಾರವನ್ನು 23ರಿಂದ ಕೊಟ್ಟ ಮೇಲೆ ಮೂತ್ರದಿಂದ ಕೀಟೋನ್ ಮಾಯವಾಯಿತು. ಆ ವಿವರ ಓದಿದಾಗ ನನಗೆ ಕಣ್ಣು ತುಂಬಿಬಂದಿತ್ತು.

ಟೈಪ್ 2 ಇರುವವರಿಗೂ ಒಂದು ಮಾತು. ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಶುಗರ್ ಇಳಿದಂತೆ ಇನ್ಸುಲಿನ್ನೂ ಇಳಿದು ಗ್ಲುಕಗಾನ್ ಏರುತ್ತದೆ. ಹಾಗಾಗಿ ಅಪರೂಪಕ್ಕೆ ಶುಗರ್ 200ರೊಳಗೆ ಇದ್ದಾಗಲೇ ಕೀಟೋನ್ ಅಪಾಯದ ಮಟ್ಟಕ್ಕೆ ಹೋಗಬಹುದು. ನನ್ನ ಚಿಕ್ಕಪ್ಪನಿಗೆ ಆಪರೇಷನ್ ಗೊತ್ತಾದಾಗ ಈ ಮಾತ್ರೆಯ ವಿಷಯವನ್ನು ಸರ್ಜನ್‌ಗೆ ಮೊದಲೇ ತಿಳಿಸಿದೆವು. ಮೂರು ದಿನ ಮುಂಚೆ ಅದನ್ನು ನಿಲ್ಲಿಸಿ, ಊಟ ಸರಿಹೋದ ಮೇಲೆ ಮತ್ತೆ ಶುರುಮಾಡಿಸಿದರು.